ಎರಡಿಂಚು ಬಿಟ್ಟು

ನೌಬಾದಿನ ಅರ್ಧ ಹೆಂಗಸರ ಸೊಂಟ
ನನ್ನ ಪುಸ್ತಕದಾಗ ಅದ.
ಯಾರು ದಪ್ಪಾದರು, ಯಾರು ಯಾವ ವರ್ಷ ಸೊರಗಿದರು,
ಯಾರು ಉಸಿರು ಹಿಡಿದು ಸುಳ್ಳು ಅಳತಿ ಕೊಟ್ಟರು,
ಎಲ್ಲಾ ಪೆನ್ಸಿಲ್ಲಿನಾಗ.
ನನ್ನ ಹೆಸರಿನ ಹಾಳಿ ಮಾತ್ರ ಇಲ್ಲ.
ನನ್ನ ಕುಬಸ ನಾನು
ಹಳೇ ಕುಬಸ ಮ್ಯಾಲಿಟ್ಟು ಕತ್ತರಸ್ತೀನಿ.

ಅಂಥಾಕಿ, ನಾಲ್ವತ್ತಾರರ ನೀಲಗಂಗಾ,
ಚೌಬಾರಾದ ಹಿಂದ, ಯೂನುಸ್ ಭಾಯಿಯ ಅಂಗಡಿಯಾಗ
ಗುಡ್ಡ ಹತ್ತೋ ಸೈಕಲ್ಲು ಕೇಳ್ಕೋತ ನಿಂತೀನಿ.
ಯಾಕಂತ ಎಲ್ಲರೂ ಕೇಳಿದರು.
ಇಪ್ಪತ್ತೆರಡು ವರ್ಷ ಪೆಡಲ್ ತುಳಿದೀನಿ,
ಮಷೀನು ಒಂದು ಗೇಣೂ ಮುಂದ ಹೋಗಿಲ್ಲ,
ಅಂದೆ. ಸುಮ್ಮನಾದರು.

ಕಿಟಕಿಯಾಗ ಒಂದು, ಕಿತ್ತಳಿ ಬಣ್ಣ,
ಹತ್ತೊಂಬತ್ತಿಂಚಿನ ಫ್ರೇಮು,
ಟೈರಿಗೆ ಮೊಸಳಿ ಬೆನ್ನಿನಂಥಾ ಹಲ್ಲು.
"ನಿಮಗಂತ ಮೂರು ಸಾವಿರ ಕಮ್ಮಿ, ಬಾಯಿ.
ಸೀಟು ಇಳಸಿದರ ಬರಾಬರ್ ಆಗ್ತದ."
ಆಗ್ತದ ಅನ್ನೋ ಮಾತು ನನಗ ಗೊತ್ತು.
ನಾನೂ ಅಂದೀನಿ,
ಹಬ್ಬದ ಹಿಂದಿನ ರಾತ್ರಿ, ಬಿಗಿಯಾದ ತೋಳಿಗೆ.

ಮಗಳು ಅಫ್ಶಾನ್ ಪಾನಾ ಒರಸ್ಕೋತ ಬಂದಳು.
ಈಕಿಯ ಶಾಲಿ ಲಂಗ ನಾನೇ ಹೊಲದದ್ದು,
ಕೆಳಗ ಎರಡಿಂಚು ಮಡಚಿ, ವರ್ಷಕ್ಕಿಷ್ಟು ಬಿಚ್ಚಿ.
"ಅಬ್ಬಾ, ಸೀಟು ಇಳೀತದ, ಡಂಡಾ ಇಳೀತದೇನು?
ಹ್ಯಾಂಡಲ್ಲು ಹತ್ರ ಬರ್ತದೇನು?"
ಖರೇ. ಅಲ್ಯೂಮಿನಿಯಂ ಒಳಗ
ಯಾರೂ ಬಟ್ಟಿ ಬಿಟ್ಟಿರೂದಿಲ್ಲ.

"ಎತ್ತರ ಬ್ಯಾಡ ಆಂಟಿ, ಕಾಲು ಹೇಳ್ರಿ.
ಒಂದೇ ಎತ್ತರದ ಇಬ್ಬರಾಗ
ಒಬ್ಬರು ಕಾಲಿನಾಗ ಬೆಳೆದಿರ್ತಾರ, ಒಬ್ಬರು ಬೆನ್ನಿನಾಗ.
ಒಂದು ಪುಸ್ತಕ ಅದ ಏನು?"
ಚೀಲದಾಗ ಇದ್ದದ್ದು ಅದೊಂದೇ.
ಅಪ್ಪನ್ನ ಚಹಾಕ್ಕ ಕಳಿಸಿ, ಶಟರ್ ಅರ್ಧ ಎಳೆದು,
"ಚಪ್ಪಲಿ ಬಿಡ್ರಿ. ಬೆನ್ನು ಗೋಡಿಗಿ.
ತೊಡಿ ನಡುವ ಹಿಡದು, ಸೀಟಿನ ಮ್ಯಾಲ ಕೂತಂಗ
ಮ್ಯಾಲಕ್ಕ ಒತ್ರಿ. ಇನ್ನಾ ಜರಾ."
ನೌಬಾದಿನ ಸೊಂಟಗಳೆಲ್ಲಾ ನನ್ನ ತೊಡಿ ನಡುವ!
ನಗು ತಡೀಲಿಲ್ಲ, ಪುಸ್ತಕ ಜಾರಿ ಬಿತ್ತು,
ಮತ್ತೊಮ್ಮೆ ಹಿಡದೆ.
ನನ್ನದೇ ಟೇಪು, ತುದಿ ಹರದದ್ದು.
ಅರ್ಧ ಇಂಚು ಕಳಿಯವ್ವ, ಅಂದೆ.
ಕಳದಳು. ಇಪ್ಪತ್ತೆಂಟು.

ಹತ್ತರ ವಯಸ್ಸಿನಾಗ ಅಣ್ಣನ ದೊಡ್ಡ ಸೈಕಲ್ಲು,
ಡಂಡಾದ ಕೆಳಗ ಕಾಲು ತೂರಿಸಿ, ಮೈ ಸೊಟ್ಟ ಮಾಡಿ,
ಮೈಲೂರಿನ ತನಕ ಕೈಂಚಿ ಹೊಡದೆ.
ಆಮ್ಯಾಲ ಕಾಲಿನ ಕೈಂಚಿ ಹೋಗಿ
ಕೈಗೆ ಕೈಂಚಿ ಬಂತು.

"ಹದಿನಾರು," ಅಂದಳು.
ಮೂಲ್ಯಾಗ ಇತ್ತು, ಬೂದಿ ಬಣ್ಣ, ಸೀಟಿಗೆ ಧೂಳು,
ಒಂದು ರೂಪಾಯಿ ಕಮ್ಮಿ ಇಲ್ಲ.
ಡಂಡಾ ದಾಟಿ ಎರಡೂ ಕಾಲು ಊರಿ ನಿಂತೆ.
ಡಂಡಾಕ್ಕೂ ನನಗೂ ನಡುವ
ಆಕಿ ಟೇಪು ಹಿಡದಳು.
"ಇಷ್ಟು ಗಾಳಿ ಇರಬೇಕ್ರಿ. ಕಲ್ಲಿನ ದಾರ್ಯಾಗ
ಧಡಕ್ಕನ ಇಳಿಯೂದು ಬಂದರ ಬೇಕಾಗ್ತದ."
ಎಷ್ಟು, ಅಂದೆ, ಗೊತ್ತಿದ್ದೂ.
"ಲಂಗಕ್ಕ ಬಿಡ್ತಿದ್ರಲ್ಲ. ಅಷ್ಟ."

ಅಷ್ಟೂರಿನ ಇಳಿಜಾರು, ಕೆಂಪು ಮುರುಮ,
ಮೊಣಕೈ ಸಣ್ಣಗ ಮಡಚೀನಿ,
ಹ್ಯಾಂಡಲ್ಲು ಕರೀದೇ ಬಂದಂಗ ಅದ.
ಮ್ಯಾಲ ಕಲಿಯೋ ವಿಮಾನ ಒಂದು
ತಪ್ಪಿದ ಸುತ್ತು ಮತ್ತ ಹಾಕ್ಲತ್ತದ.
ಗುಮ್ಮಟ ದಾಟಿ ತಿರುಗಿದರ, ನಟ್ಟ ನಡುವ ಎಮ್ಮಿ.
ಬ್ರೇಕು. ಎರಡೂ ಪಾದ ನೆಲಕ್ಕ.
ಎಮ್ಮಿ ನೋಡ್ತು. ನಾ ನೋಡಿದೆ.
ಎಲ್ಲೂ ಏನೂ ತಾಗಲಿಲ್ಲ.

ರಾತ್ರಿ ಪುಸ್ತಕದಾಗ ಹೊಸ ಹಾಳಿ ತಗದು
ನನ್ನ ಹೆಸರು ಬರದೆ.
ಕಾಲು: ಇಪ್ಪತ್ತೆಂಟು.
ಎದಿ, ಸೊಂಟ, ತೋಳಿನ ಮನಿ ಖಾಲಿ ಬಿಟ್ಟೆ.
ನಾಳೆ ಹನ್ನೊಂದಕ್ಕ
ಯಾರದೋ ಎರಡು ಕುಬಸ ಕೊಡೂದದ.
ಹತ್ತರ ತನಕ ಅಂಗಡಿ ಬಂದ್.