ಮೂರನೇ ಟ್ಯೂಬು

ಹೆಸರು ಬಂಗಾರಮ್ಮ, ಅಜ್ಜಿಯದು. ಸೊರಬದ ಕಡೆಯ ಹುಡುಗಿ,
ಹತ್ತು ಸಾವಿರ ಮೀಟರ್ ಓಡುತ್ತಾಳೆ.
ಹನ್ನೆರಡು ಪಾಯಿಂಟ್ ಎರಡು, ಮೈಯಲ್ಲಿ ಕಬ್ಬಿಣ ಕಮ್ಮಿ
ಎಂದು ಮೊದಲ ರಿಪೋರ್ಟು ಕೊಟ್ಟಾಗ
ಪಿಂಟೊ ಮಾಸ್ತರು ನಕ್ಕಿದ್ದರು: ಬಂಗಾರ ಇದೆಯಲ್ಲ, ಸಾಲದೆ?
ಅವಳು ನಗಲಿಲ್ಲ. ಮೊಣಕೈ ಮಡಚಿ ಹತ್ತಿ ಒತ್ತಿಕೊಂಡು
ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು.

ಎರಡು ತಿಂಗಳು ಹುರುಳಿ, ಹರಿವೆ, ಮಾತ್ರೆ, ಮೇಲೊಂದು ನಿಂಬೆಹಣ್ಣು.
ಆಮೇಲೆ ಮುಳ್ಳಯ್ಯನಗಿರಿ.
ಹಿಮಾಲಯದ ಕ್ಯಾಂಪಿಗೆ ದುಡ್ಡಿಲ್ಲ. ಅರಣ್ಯ ಇಲಾಖೆಯ ಹಳೇ ಶೆಡ್ಡು,
ಎರಡು ಕಂಬಳಿ, ಸೀಮೆಎಣ್ಣೆ ಸ್ಟವ್ವು.
ರಾತ್ರಿ ಮೇಲೆ ಮಲಗುವುದು,
ಬೆಳಿಗ್ಗೆ ಮಾಸ್ತರರ ಓಮ್ನಿಯಲ್ಲಿ ಇಳಿದು ಕೆಳಗೆ ಓಡುವುದು.
ಪುಸ್ತಕ ಎರಡು ಸಾವಿರ ಮೀಟರ್ ಕೇಳುತ್ತದೆ,
ನಮ್ಮ ಗಿರಿ ಎಪ್ಪತ್ತು ಮೀಟರ್ ಕಮ್ಮಿ, ಎಂದೆ.
ಮೂತ್ರಪಿಂಡ ಪುಸ್ತಕ ಓದುತ್ತದೇನಯ್ಯ, ಎಂದರು.

ಓದುವುದಿಲ್ಲ.
ಗಾಳಿ ತೆಳುವಾದ ರಾತ್ರಿ ಎದೆ ಬಡಿದುಕೊಂಡು ಸುಮ್ಮನಾಗುತ್ತದೆ,
ಬೆನ್ನ ಹಿಂದಿನ ಎರಡು ಅವರೆಕಾಳು ಮಾತ್ರ ಬಿಡುವುದಿಲ್ಲ.
ಮಜ್ಜೆಗೆ ಚೀಟಿ ಕಳಿಸುತ್ತವೆ:
ಹೊರುವವರು ಸಾಲದು, ಇನ್ನಷ್ಟು ಆಳು ಕಳಿಸು.
ಮಜ್ಜೆ ನಿಧಾನದ್ದು. ಕಬ್ಬಿಣ ಎಲ್ಲಿ, ಎನ್ನುತ್ತದೆ.

ಎಂಟನೇ ದಿನ ಎರಡನೇ ಟ್ಯೂಬು ಬಂತು
ಚಿಕ್ಕಮಗಳೂರಿನ ಬಸ್ಸಿನಲ್ಲಿ, ಡ್ರೈವರನ ಕಾಲಬಳಿ, ಐಸ್ ಡಬ್ಬಿಯಲ್ಲಿ.
ಹದಿಮೂರು ಪಾಯಿಂಟ್ ಒಂಬತ್ತು!
ಮಾಸ್ತರು ಫೋನಿನಲ್ಲೇ ಕುಣಿದರು. ನಾನು ಕುಣಿಯಲಿಲ್ಲ.
ಎಂಟು ದಿನಕ್ಕೆ ಅಷ್ಟು ರಕ್ತ ಹುಟ್ಟುವುದಿಲ್ಲ,
ನೀರು ಹೋಗಿರುತ್ತದೆ.
ಒಲೆಯ ಮೇಲೆ ಮರೆತ ಸಾರು ಬತ್ತಿ
ಉಪ್ಪು ಸುರಿದೆಯಾ ಎಂದು ಬೈಸಿಕೊಂಡವರಿಗೆ ಗೊತ್ತು,
ಯಾರೂ ಉಪ್ಪು ಸುರಿದಿರುವುದಿಲ್ಲ.

ಇವತ್ತು, ಇಳಿದು ಬಂದ ಆರನೇ ದಿನ,
ದುರ್ಗಿಗುಡಿಯ ಅಂಗಡಿಗಳು ಷಟರ್ ಎತ್ತುವ ಮೊದಲೇ ಬಂದಳು.
ಖಾಲಿ ಹೊಟ್ಟೆ, ಎಡಗೈ, ನೇರಳೆ ಮುಚ್ಚಳ.
ಮೆಷಿನ್ನು ಗುರ್ರೆಂದು ಕೊಟ್ಟದ್ದು ಹದಿಮೂರು ಪಾಯಿಂಟ್ ಒಂದು.
"ಇಳಿದುಬಿಡ್ತಾ ಅಣ್ಣ?"
ತುಟಿ ಇನ್ನೂ ಗಿರಿಯ ಗಾಳಿಗೆ ಒಡೆದೇ ಇತ್ತು.

ನೀರು ಮರಳಿದೆ ಮಾರಾಯ್ತಿ, ಪಾತ್ರೆ ತುಂಬಿದೆ.
ಇಷ್ಟೇ ನೀರಿಗೆ ಅವತ್ತು ಹನ್ನೆರಡು ಚಿಲ್ಲರೆ ಇತ್ತು.
ಉಪ್ಪು ಹೆಚ್ಚಿರುವುದು ಈಗ.
ಅದರಲ್ಲಿ ಮಾತ್ರೆಯದೆಷ್ಟು, ಗಿರಿಯದೆಷ್ಟು,
ಬಿಡಿಸಿ ಹೇಳುವ ಮೆಷಿನ್ನು ನನ್ನಲ್ಲಿಲ್ಲ.

ನಂಬಿದಳೋ ಇಲ್ಲವೋ. ಬೆರಳು ಮಡಚಿ ಎಣಿಸಿದಳು,
ಓಟಕ್ಕೆ ಹನ್ನೆರಡು ದಿನ.
ಕೆಂಪು ಕಣದ ಆಯಸ್ಸು ನಾಲ್ಕು ತಿಂಗಳು ಎಂದು ಹಿಂದೆ ಹೇಳಿದ್ದೆ.
ಕೆಳಗಿನ ದಪ್ಪ ಗಾಳಿಗೆ ಬಂದಮೇಲೆ
ಕೆಲವು ಎಳೆಯವೇ ಬೇಡದವಾಗಿ ಒಡೆಯುತ್ತವೆ ಎಂಬುದನ್ನು
ಹೇಳಿರಲಿಲ್ಲ. ಇವತ್ತೂ ಹೇಳಲಿಲ್ಲ.
ಹತ್ತಿಯನ್ನು ಬುಟ್ಟಿಗೆ ಹಾಕಿ ಹೋದಳು.
ಮೂರು ಮಹಡಿ ಇಳಿದ ಸದ್ದೇ ಕೇಳಲಿಲ್ಲ,
ಹತ್ತಿ ಬರುವಾಗ ನಾನು ದಿನಾ ಎರಡು ಸಲ ನಿಲ್ಲುತ್ತೇನೆ.

ಉಳಿದದ್ದನ್ನು ಸಂಜೆಗೆ ಬಿಸಾಡಬೇಕು, ನಿಯಮ.
ಎರಡು ಎಂ.ಎಲ್. ಇದೆ. ಸ್ಟ್ಯಾಂಡಿನಲ್ಲಿ ನಿಂತು ನಿಂತು
ಮೇಲೆ ಹಳದಿ ತಿಳಿ, ಕೆಳಗೆ ಕೆಂಪು.
ಇಪ್ಪತ್ತೆಂಟು ರಾತ್ರಿಗಳಲ್ಲಿ ಎಷ್ಟು ಅದರಲ್ಲಿವೆಯೋ.
ಚೀಟಿಯ ಹೆಸರು ಕಾಣುವ ಹಾಗೆ ತಿರುಗಿಸಿ
ಫ್ರಿಜ್ಜಿನಲ್ಲಿಟ್ಟೆ,
ನಾಳೆಯವರೆಗೆ.