ಟೇಪಿನ ಕೆಳಗ

ಬೆಟಗೇರಿ ಸವಡಿ ಮಾಸ್ತರ ಕಡಿಂದ
ಗಾಡಿ ತಗೊಂಡಾಗ ಎಲ್ಲಾ ನೋಡಿದ್ದೆ:
ಟಯರು, ಬ್ಯಾಟರಿ, ಬಾಗಲ ಬುಡದ ಜಂಗು,
ಡಿಕ್ಕಿಯೊಳಗ ನೀರು ಬರತೈತೇನು ಅಂತ
ಕೊಡ ಸುರುವಿ ನೋಡಿದ್ದೆ.
ಮೀಟರಿನ ಗಾಜಿನ ಮ್ಯಾಲ ಉಗುರಷ್ಟು ಕರೀ ಟೇಪು,
ಅದೊಂದು ನೋಡಿರಲಿಲ್ಲ.

ರವಿವಾರ ಹಸಿ ಅರಿವೀಲೆ ಒರಸೂ ಮುಂದ
ಬಟ್ಟಿಗೆ ಅಂಟಿ ಬಂತು.
ಕೆಳಗ ಕೆಂಪು ದೀಪ.
ಉರಕೋಂತ ಕುಂತಿತ್ತು
ಎಷ್ಟು ವರ್ಷದಿಂದೋ, ಯಾರೂ ಕೇಳದಽ.
ಒಂದು ವೃತ್ತ, ನಡಕ ಒಂದು ಉದ್ಗಾರ,
ಆ ಕಡೆ ಈ ಕಡೆ ಬಾಗಿದ ಗೆರಿ
ಕಿವಿ ಮುಚ್ಚಿಕೊಂಡ ಕೈಯಂಗ.

ನಾನು ರಕ್ತ ತಪಾಸಣಿ ಮಾಡಾಕಿ.
ಹುಲಕೋಟಿ, ಬಿಂಕದಕಟ್ಟಿ, ಲಕ್ಕುಂಡಿ ತಿರುಗಿ
ಹೊತ್ತೇರೂದರಾಗ ಸೀಸೆ ತುಂಬಿಕೊಂಡು ಬರತೀನಿ.
ಸುಳ್ಳು ಹೇಳೂ ರಿಪೋರ್ಟು ಕಂಡೀನಿ,
ಖರೇ ಹೇಳಿದ್ದನ್ನ ಹರದು ಒಗದವರನ್ನೂ ಕಂಡೀನಿ.
ಅದಕ್ಕ ಮೊದಲ ಹ್ಯಾಂಡ್‌ಬ್ರೇಕ್ ಎಳದೆ, ಇಳಿಸಿದೆ.
ಮತ್ತ ಎಳದೆ, ಇಳಿಸಿದೆ.
ದೀಪಕ್ಕ ಅದರ ಖಬರಽ ಇಲ್ಲ.

ಹಾತಲಗೇರಿ ನಾಕಾದಾಗ ಹಜರೇಸಾಬ
ಬಾನೆಟ್ ಎತ್ತಿ ಡಬ್ಬಿ ನೋಡಿದ.
'ಎಣ್ಣಿ ಗೆರಿ ಮಟಾ ಐತ್ರಿ ಅಕ್ಕಾರ, ಏನ್ ಹೆದರಬ್ಯಾಡ್ರಿ.'
ಮುಚ್ಚಳದ ವೈರು ಬಿಚ್ಚಿದ. ಉರೀತಽ ಇತ್ತು.
ಹ್ಯಾಂಡ್‌ಬ್ರೇಕಿನ ಬುಡಕ್ಕ ಕೈ ಹಾಕಿ
ಒಂದು ಹುಣಸೀ ಬೀಜ, ಎರಡು ಖಡುವಿನ ಚೂರು,
ಕೂದಲ ಸುತ್ತಿದ ಹೇರ್‌ಪಿನ್ನು ತಗದ.
ಸಿಕ್ಕ ಸ್ವಿಚ್ಚು ಟಕ್ ಅಂತ ಮ್ಯಾಲೆ ಬಂತು.
ಆರಿತು.
ಐವತ್ತು ರೂಪಾಯಿ ಅಂದ.

ಮೂರು ದಿನ ಚೊಲೋ ಹೋತು.
ನಾಕನೇ ದಿನ ಮುಳಗುಂದ ನಾಕಾದಾಗ
ಎಡಕ್ಕ ಹೊಳ್ಳಿದೆ, ಹತ್ತಿತು.
ನೆಟ್ಟಗಾದೆ, ಆರಿತು.
ಬಲಕ್ಕ, ಇಲ್ಲ.
ಎಡಕ್ಕ, ಐತಿ.
ಹಿಂದಿನ ಸೀಟಿನಾಗ ಸೀಸೆಗಳು
ಒಂದಕ್ಕೊಂದು ಬಡದು ಮಾತಾಡಿದುವು.

'ಬಲ್ಬ್ ತಗದ ಬಿಡ್ಲೇನ್ರಿ? ಬ್ರೇಕ್ ಹತ್ತತಾವಲ್ಲ?'
ಹಜರೇಸಾಬ ನಗಚಾಟಿಕಿಗಂದನೋ ಏನೋ.
ಮಾಸ್ತರಿಗೆ ಫೋನ್ ಹಚ್ಚಿದೆ.
'ಬ್ರೇಕ್ ಹತ್ತತಿದ್ದುವಲ್ಲವಾ, ಮತ್ತೇನು?
ನಮ್ಮಾಕಿ ಬಾಜೂಕ ಕುಂತಾಗೆಲ್ಲ
ರಸ್ತಾ ಬಿಟ್ಟು ಅದನ್ನಽ ನೋಡಾಕಿ, ಹೆದರಾಕಿ.
ಅಕಿ ಸಂಬಂಧ ಹಚ್ಚಿದ್ದು ಟೇಪು.'
ಆಮ್ಯಾಲೆ ಇಬ್ಬರೂ ಸುಮ್ಮನಿದ್ವಿ.
'ಅಕಿ ಹೋಗಿ ಆರು ವರ್ಷಾತು.
ಕಿತ್ತಬೇಕಂತ ನೆನಪಽ ಆಗಲಿಲ್ಲ ನೋಡು.'
ಹೇರ್‌ಪಿನ್ನಿನ ಸುದ್ದಿ ನಾ ತಗೀಲಿಲ್ಲ.

ಲ್ಯಾಬಿನಾಗ ತಿರುಗಿ ನೋಡೂದಂದ್ರ
ಮೊದಲಿಂದ ನೋಡೂದು.
ನಾಕೂ ಗಾಲಿ ಬಿಚ್ಚು ಅಂದೆ.
ಮೂರು ಒಣಾ ಒಣಾ.
ಹಿಂದಿನ ಎಡಗಾಲಿ, ಡ್ರಮ್ ಎಳದ ಕೂಡಲೆ
ಕರೀ ಬೆವರು.
ಶೇಂಗಾ ಸಿಪ್ಪಿಯಷ್ಟು ರಬ್ಬರು ಒಡದಿತ್ತು.
ದಿನಕ್ಕೊಂದು ಹನಿ. ಹನಿ ಸೈತ ಅಲ್ಲ, ಬರೇ ಹಸಿ.
ಡಬ್ಬಿಯೊಳಗ ಇಳದ ಎಣ್ಣಿ
ತಿರುವಿನಾಗ ಒಂದು ಕಡೆ ವಾಲಿದಾಗಷ್ಟ
ಬಾಯಿ ಬಿಡತಿತ್ತು.
ಸುಳ್ಳು ದೀಪದ ಹಿಂದ ಖರೇ ದೀಪ ನಿಂತು
ಪಾಳೇ ಹಚ್ಚಿತ್ತು.
ಹಜರೇಸಾಬ ಗಾಲಿ ಮುಂದ ಕುಕ್ಕರಗಾಲಿಲೆ ಕುಂತ,
ಬಾಳೊತ್ತು ಕುಂತ.
ರೊಕ್ಕ ಎಷ್ಟಂತ ಕೇಳಿದ್ರ
ರಬ್ಬರಿಂದಷ್ಟ ತಗೊಂಡ.

ಈಗ ಕೀಲಿ ತಿರುವಿದಾಗ ಒಮ್ಮೆ ಹತ್ತಿ
ಅದೀನಿ ಅಂತ ಹೇಳಿ ಆರತೈತಿ.
ಆದ್ರೂ ಕಣ್ಣು ಅಲ್ಲೇ ಹೋಗತೈತಿ
ಮೂಗುಬಟ್ಟು ತಗದಿಟ್ಟ ದಿನ
ಕೈ ಮೂಗಿಗೆ ಹೋದಂಗ.

ಮೊನ್ನೆ ರಾತ್ರಿ ಡೋಣಿಂದ ಬರೂ ಮುಂದ
ಕಪ್ಪತಗುಡ್ಡದ ಗಾಳಿಕಂಬಗಳ ನೆತ್ತಿ ಮ್ಯಾಲ
ಕೆಂಪು ದೀಪ, ಹತ್ತಿ ಆರಿ, ಹತ್ತಿ ಆರಿ.
ಗಾಡಿ ಬಾಜೂಕ ನಿಲ್ಲಿಸಿ ಎಣಿಸಿದೆ.
ಹದಿನೇಳಕ್ಕ ಲೆಕ್ಕ ತಪ್ಪಿತು.
ಮುಂದಿನ ಡಬ್ಬ್ಯಾಗ ಆ ಟೇಪಿನ ತುಣುಕು ಇನ್ನೂ ಐತಿ,
ಅಂಟಿನ ಮ್ಯಾಲ ಮಾಸ್ತರ ಬಟ್ಟಿನ ಗೆರಿ.
ನಂದೂ ಇರಬೇಕು.