ಒಂದು ಬೆರಳಷ್ಟು ಆಟ

ಖೋರೋಗಿನ ಸ್ಟ್ಯಾಂಡಿನಲ್ಲಿ ನನ್ನ ಗಾಡಿಗೊಂದು ಹೆಸರಿತ್ತು:
ತೊಟ್ಟಿಲು.
ಹತ್ತಿದವರು ನಿದ್ದೆ ಹೋಗುವುದಿಲ್ಲ, ವಾಂತಿ ಮಾಡಿಕೊಳ್ಳುತ್ತಾರೆ
ಎಂದು ನಗುತ್ತಿದ್ದ ಶೋನಜರ್,
ತನ್ನ ಹೊಸ ಗಾಡಿಯ ಬಾನೆಟ್ಟಿಗೆ ಒರಗಿ.

ತೊಂಬತ್ಮೂರರ ಲ್ಯಾಂಡ್ ಕ್ರೂಸರ್. ನಾಲ್ಕು ಲಕ್ಷ ದಾಟಿದ ಮೇಲೆ
ಮೀಟರು ಎಣಿಸುವುದನ್ನು ಬಿಟ್ಟಿತು, ನಾನೂ ಬಿಟ್ಟೆ.
ಅರವತ್ತರವರೆಗೆ ಸಾಧು.
ಅರವತ್ತೈದಕ್ಕೆ ಯಾರೋ ಸೊಂಟ ಹಿಡಿದು ಎಳೆದ ಹಾಗೆ
ಎಡಕ್ಕೊಮ್ಮೆ, ಬಲಕ್ಕೊಮ್ಮೆ.
ಎದುರಿನಿಂದ ಲಾರಿ ಬಂದು ಹೋದರೆ ಅದರ ಗಾಳಿಗೇ
ಪಂಜ್ ನದಿಯ ಕಡೆ ಒಂದು ಹೆಜ್ಜೆ.
ನದಿಯಾಚೆ ಅಫ್ಘಾನಿಸ್ತಾನ.
ಅಲ್ಲಿ ಕತ್ತೆಯ ಮೇಲೆ ಕೂತ ಮುದುಕ
ನನಗಿಂತ ನೆಟ್ಟಗೆ ಹೋಗುತ್ತಿದ್ದ.

ಹೆಂಗಸಿನ ಕೈ, ಅಂದರು.
ಕೈ ಅಂದಮೇಲೆ ಮುಗಿಯಿತು; ಕೈಗೆ ಬಿಡಿಭಾಗ ಸಿಗುವುದಿಲ್ಲ.
ಆದರೂ ಸುಮ್ಮನಿರಲಿಲ್ಲ. ಚಕ್ರಕ್ಕೆ ಗಾಳಿ ಇಳಿಸಿದೆ, ಏರಿಸಿದೆ.
ದುಶಾಂಬೆಯಿಂದ ನಾಲ್ಕು ಶಾಕ್ ಅಬ್ಸಾರ್ಬರ್ ತರಿಸಿದೆ,
ಮಗಳ ಹೊಲಿಗೆ ಯಂತ್ರದ ದುಡ್ಡು.
ಸ್ಟೀರಿಂಗ್ ಡ್ಯಾಂಪರ್ ಹಾಕಿಸಿದೆ. ನೋವಿನ ಮಾತ್ರೆ ಅದು,
ಹುಳುಕು ಹಲ್ಲು ಹಾಗೇ ಇತ್ತು.
ಚಾವಣಿಯ ಮೇಲೆ ಗಂಡ ಬೆಸೆದಿಟ್ಟು ಹೋದ ಕಬ್ಬಿಣದ ಕ್ಯಾರಿಯರ್,
ಅದನ್ನು ಮಾತ್ರ ಮುಟ್ಟಲಿಲ್ಲ.

ಮಮದ್ಯೋರ್ ಉಸ್ತಾದ್ ಜಾಕ್ ಹಾಕಲಿಲ್ಲ.
ನೆಲದ ಮೇಲೇ ನಿಂತಿರಲಿ, ಭಾರ ಹೊತ್ತುಕೊಂಡರೇ ರೋಗ ಹೇಳೋದು
ಅಂದು, ಹಳೇ ಕಂಬಳಿ ಹಾಸಿ ಅಡಿಗೆ ತೂರಿದ.
ಹೊರಗೆ ಉಳಿದದ್ದು ಎರಡು ರಬ್ಬರ್ ಬೂಟು.
"ಸ್ಟೀರಿಂಗ್ ಆಡಿಸು."
ಆಡಿಸಿದೆ.
"ಮೆಲ್ಲಗೆ. ಮಗು ಮಲಗಿಸುವ ಹಾಗೆ."
ಎಡ, ಬಲ. ಎಡ, ಬಲ.
ಎಂಜಿನ್ನಿನ ಗುರುಗುರು, ಅದರೊಳಗೊಂದು
ಟಕ್.
ಮತ್ತೆ, ಟಕ್.
"ಸಿಕ್ಕಿಬಿದ್ದ," ಅಂದವು ಬೂಟುಗಳು.

ಅಚ್ಚನ್ನೂ ಚಾಸಿಯನ್ನೂ ಅಡ್ಡಡ್ಡ ಹಿಡಿದಿಡುವ ಸರಳು,
ಅದರ ತುದಿಯಲ್ಲೊಂದು ಬುಷ್ಷು,
ನನ್ನ ಹೆಬ್ಬೆರಳಿಗಿಂತ ತುಸು ದಪ್ಪ.
ರಬ್ಬರು ಹಿಟ್ಟಾಗಿ ಉದುರಿ ಗುಂಡಗಿದ್ದ ತೂತು ಮೊಟ್ಟೆಯಾಗಿತ್ತು.
"ಒಂದು ಬೆರಳಷ್ಟು ಆಟ ಇದೆ ನೋಡು."
ಇಲ್ಲಿ ಬೆರಳಷ್ಟು ಆಡಿದರೆ
ಮೇಲೆ ಎರಡು ಟನ್ನು ಅಲ್ಲಾಡುತ್ತದೆ,
ಎರಡು ಟನ್ನು ಅಲ್ಲಾಡಿದರೆ
ಊರು ಮಾತಾಡುತ್ತದೆ.

ಹಳೆಯದನ್ನು ಸುಟ್ಟು ತೆಗೆದ, ಮೂಗಿಗೆ ಮೂರು ದಿನ ಆ ಹೊಗೆ.
ಹೊಸದಕ್ಕೆ ಸೋಪಿನ ನೀರು ಸವರಿ ವೈಸಿನಲ್ಲಿ ಒತ್ತಿ ಕೂರಿಸಿದ.
ಕೊನೆಯ ನಟ್ಟಿಗೆ ಮಾತ್ರ ಕಾದ,
ಗಾಡಿ ತನ್ನ ಕಾಲ ಮೇಲೆ ತಾನು ನಿಲ್ಲುವ ತನಕ.
"ಎತ್ತಿ ಹಿಡಿದು ಬಿಗಿದರೆ ರಬ್ಬರು
ಹುಟ್ಟುತ್ತಲೇ ತಿರುಚಿಕೊಳ್ಳುತ್ತೆ ತಾಯಿ."
ಆಮೇಲೆ ಚಾವಣಿ ನೋಡಿದ, ನನ್ನನ್ನು ನೋಡಿದ.
"ಸೇಬಿನ ಮೂಟೆಗಳನ್ನಾದರೂ ಒಳಗೆ ಹಾಕು," ಅಂದ.

ಮರುದಿನ ಇಶ್ಕಾಶಿಮ್ ದಾರಿ. ಎಪ್ಪತ್ತು. ಎಪ್ಪತ್ತೈದು.
ಗಾಡಿ ದಾರ ಹಿಡಿದು ಎಳೆದ ಗೆರೆ.
ಆದರೆ ಕೈ,
ಮೂರು ವರ್ಷ ಬಾರದ ಏಟಿಗೂ ಮೊದಲೇ ಬಗ್ಗಿ ಕಲಿತ ಕೈ,
ಇಲ್ಲದ ಎಳೆತಕ್ಕೆ ಎದುರು ಎಳೆಯಿತು.
ಎಡಕ್ಕೊಮ್ಮೆ. ಬಲಕ್ಕೊಮ್ಮೆ.
ಹಿಂದೆ ಬರುತ್ತಿದ್ದ ಶೋನಜರ್ ಹಾರ್ನ್ ಬಾರಿಸಿ ನಕ್ಕ.
ಇವತ್ತಿನ ಮಟ್ಟಿಗೆ ಅವನದೇ ನಿಜ.

ಹಿಂದಿನ ಸೀಟಿನ ಅಜ್ಜಿ ಮಡಿಲ ಕೋಳಿಯನ್ನು ಅವುಚಿಕೊಂಡು ಕೇಳಿದಳು,
"ಯಾಕಮ್ಮಾ, ರಸ್ತೆ ಸರಿ ಇಲ್ವಾ?"

ರಸ್ತೆ ಸರಿಯಿದೆ ಅಜ್ಜಿ.
ಗಾಡಿಯೂ ಸರಿಯಿದೆ.